ತೆಳುವಾದರೂ ಅಸಲಿ, ಸುಂದರಬನದ ಜೇನು

ಜೇನಿನ ಬಾಟಲಿ ಮನೆಗೆ ಬಂದರೆ ನಾವು ಮೊದಲು ಮಾಡುವುದು ಒಂದೇ ಕೆಲಸ. ತಲೆಕೆಳಗೆ ಹಿಡಿದು ನೋಡುವುದು. ಮೆಲ್ಲ ಇಳಿದರೆ ಅಸಲಿ, ಸರ್ರನೆ ಇಳಿದರೆ ನಕಲಿ! ಕೋಲ್ಕತ್ತಾದಿಂದ ಬಂದ ನೆಂಟರು ಕೊಟ್ಟ ಬಾಟಲಿಗೂ ನಮ್ಮ ಉಮ್ಮ ಇದೇ ಪರೀಕ್ಷೆ ಮಾಡಿದರು. ಮುಚ್ಚಳ ತೆಗೆದರೆ ನೊರೆ ಬೇರೆ. "ಇದೆಂಥದು, ಬೆಲ್ಲದ ನೀರಾ?" ಎಂದು ಬದಿಗಿಟ್ಟರು.

ಅದು ಸುಂದರಬನದ ಜೇನು. ಗಂಗಾ, ಬ್ರಹ್ಮಪುತ್ರ ನದಿಗಳು ಕಡಲು ಸೇರುವಲ್ಲಿ ಸುಮಾರು 10 ಸಾವಿರ ಚದರ ಕಿ.ಮೀ. ಹಬ್ಬಿರುವ ಕಾಂಡ್ಲಾ ಕಾಡಿನದು. ಆ ಕಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಬಾಂಗ್ಲಾದೇಶದಲ್ಲಿದೆ, ಉಳಿದದ್ದು ಪಶ್ಚಿಮ ಬಂಗಾಳದಲ್ಲಿ. ಬೇಸಗೆ ಶುರುವಾಗುವಾಗ ಅಲ್ಲಿ ಖಲ್ಶಿ ಎಂಬ ಗಿಡ ಬಿಳಿ ಹೂ ಬಿಡುತ್ತದೆ. ಹೆಜ್ಜೇನು ಮೊದಲು ಮುತ್ತುವುದು ಅದಕ್ಕೆ. ಗರಾನ್, ಕೇವ್ರಾ ಹೂಗಳ ಸರದಿ ಆಮೇಲೆ. ಖಲ್ಶಿ ಜೇನಿಗೇ ಬೆಲೆ ಜಾಸ್ತಿ. ಗಾಳಿಯಲ್ಲೇ ತೇವ ತುಂಬಿರುವುದರಿಂದ ಹುಳಗಳು ರೆಕ್ಕೆ ಬೀಸಿ ಎಷ್ಟು ಆರಿಸಿದರೂ ಜೇನಿನಲ್ಲಿ ನೀರಿನಂಶ ಉಳಿಯುತ್ತದೆ. ತೆಳುವಾಗಿರುವುದಕ್ಕೂ ನೊರೆ ಬರುವುದಕ್ಕೂ ಅದೇ ಕಾರಣ.

ಇದನ್ನು ತೆಗೆಯುವವರು ಮೌಲೆಗಳು. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಇದ್ದಾರೆ. ಅರಣ್ಯ ಇಲಾಖೆಯ ಪರವಾನಗಿ ಪಡೆದು, ಅಕ್ಕಿ, ಕುಡಿಯುವ ನೀರು ದೋಣಿಗೆ ತುಂಬಿ ದಿನಗಟ್ಟಲೆ ಕಾಡಿನಲ್ಲಿರುತ್ತಾರೆ. ಒಣ ಹೆಂತಾಲ್ ಗರಿಗೆ ಬೆಂಕಿ ಹಚ್ಚಿ ಹೊಗೆ ಹಾಕಿ ಹುಳ ಓಡಿಸಿ ಎರಿ ಕೊಯ್ಯುತ್ತಾರೆ. ಕಣ್ಣು ಮೇಲೆ ಗೂಡಿನ ಕಡೆ, ಕಾಲು ಕೆಸರಿನಲ್ಲಿ. ಹುಲಿ ಬರುವುದು ಹಿಂದಿನಿಂದ. 1980ರ ದಶಕದಲ್ಲಿ ಹುಲಿಯನ್ನು ಏಮಾರಿಸಲು ತಲೆಯ ಹಿಂಬದಿಗೆ ಮನುಷ್ಯಮುಖದ ಮುಖವಾಡ ಕಟ್ಟಿಕೊಂಡು ಹೋದದ್ದೂ ಉಂಟು.

ಹುಲಿಗೆ ಗಂಡನನ್ನು ಕಳಕೊಂಡ ಹೆಂಗಸರನ್ನು ಅಲ್ಲಿ 'ಬಾಘ್ ಬಿಧೊಬಾ', ಅಂದರೆ ಹುಲಿ ವಿಧವೆ ಎಂದೇ ಕರೆಯುತ್ತಾರೆ. ಅಪಶಕುನವೆಂದು ಅವರನ್ನು ದೂರ ಇಡುವ ಮನೆಗಳೂ ಇವೆ. ಪರವಾನಗಿ ಇಲ್ಲದೆ ಹೋದವನು ಸತ್ತರೆ ಪರಿಹಾರದ ಹಣವೂ ಕೈಗೆ ಸಿಗುವುದು ಕಷ್ಟ.

2024ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಸುಂದರಬನ ಜೇನಿಗೆ ಜಿಐ ಮಾನ್ಯತೆ ಸಿಕ್ಕಿತು. ಹೆಸರಿನ ರಕ್ಷಣೆಗೆ ಅದು ಒಳ್ಳೆಯದೇ. ಆದರೆ ಸಕ್ಕರೆ ಪಾಕ ದಪ್ಪಗಿದೆಯೆಂದು ದುಡ್ಡು ಕೊಟ್ಟು, ಜೀವ ಪಣಕ್ಕಿಟ್ಟು ತಂದ ಜೇನನ್ನು ತೆಳುವೆಂದು ನಾವು ತಳ್ಳಿಬಿಟ್ಟರೆ ಏನು ಪ್ರಯೋಜನ? ದಪ್ಪ ನೋಡಿಯೋ ನೀರಿಗೆ ಹಾಕಿಯೋ ಅಸಲಿ ಯಾವುದೆಂದು ಹೇಳಲಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಇನ್ನೊಂದು ಮಾತು. ಅದೇ ಖಲ್ಶಿ ಜಾತಿಯ ಗಿಡ ನಮ್ಮ ಕರಾವಳಿಯ ಅಳಿವೆಗಳ ಕಾಂಡ್ಲಾ ಕಾಡಿನಲ್ಲೂ ಇದೆ. ಹೊಳೆಬದಿಯ ಆ ಪೊದೆಗಳನ್ನು ಬರೀ ಕೆಸರುಗಿಡ ಎಂದು ಕಡಿಯುವ ಮುಂಚೆ ಒಮ್ಮೆ ಅದರ ಹೂ ನೋಡಿ.

ಕುರ್‌ಆನಿನಲ್ಲಿ ಜೇನ್ನೊಣದ ಹೆಸರಿನದೇ ಒಂದು ಸೂರಃ ಇದೆ, ಅನ್ನಹ್ಲ್. ನಮ್ಮ ಮನೆಗಳಲ್ಲಿ ಜೇನೆಂದರೆ ಮದ್ದು. ಇಷ್ಟೆಲ್ಲ ಕೇಳಿದ ಮೇಲೆ ಉಮ್ಮ ಆ ಬಾಟಲಿಯನ್ನು ಮತ್ತೆ ಈಚೆಗೆ ತೆಗೆದರು. ಒಂದು ಚಮಚ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಆ ಮಕ್ಕಳ ಉಮ್ಮಂದಿರು" ಎಂದರು.