ಅಂಗಡಿಗೆ ಬೀಗ ಅಂತ ಊರಿಗೆಲ್ಲಾ ಮೇಲ್ ಯಾಕೆ?

ಬೇಗೂರು: ದೀಪಾವಳಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ಹೊರಡೋ ಮುಂಚೆ ಜಿಮೇಲ್‌ನಲ್ಲಿ ‘3 ದಿನ ಅಂಗಡಿ ತೆಗೆಯಲ್ಲ’ ಅಂತ ಆಟೋ ರಿಪ್ಲೈ ಹಾಕ್ತೀರಾ? ಹಾಗೇ ಬಿಟ್ಟರೆ ಮೇಲ್ ಕಳಿಸಿದ ಅಪರಿಚಿತರಿಗೂ ಅದು ಹೋಗುತ್ತೆ. ಬೀಗ ಹಾಕಿರೋದು ಡೀಲರ್‌ಗೆ ಗೊತ್ತಾದರೆ ಸಾಕು, ಕಂಡವರಿಗೆಲ್ಲ ಯಾಕೆ?

ಜಿಮೇಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೇಲ್ ಐಡಿ ಒತ್ತಿ, ‘ವೆಕೇಶನ್ ರೆಸ್ಪಾಂಡರ್’ ತೆರೆಯಿರಿ. ತಾರೀಖು, ಸಂದೇಶ ಹಾಕಿದ ಮೇಲೆ ‘ಸೆಂಡ್ ಓನ್ಲಿ ಟು ಮೈ ಕಾಂಟ್ಯಾಕ್ಟ್ಸ್’ ಆನ್ ಮಾಡಿ. ಡೀಲರ್ ಫೋನ್ ನಂಬರ್ ಸೇವ್ ಇದ್ದರೆ ಸಾಲದು, ಅವರ ಮೇಲ್ ಐಡಿಯೂ ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಇರಬೇಕು.

ಇಂಥವರಿಗೆ ಮಾತ್ರ ಅಂತ ಹೆಸರು ಹಿಡಿದು ಆರಿಸಬೇಕಾ? ಅದು ವಾಟ್ಸ್‌ಆ್ಯಪ್ ಬಿಸಿನೆಸ್‌ನ ‘ಅವೇ ಮೆಸೇಜ್’ನಲ್ಲಿದೆ. ಬೆಟ್ಟದಲ್ಲಿ ಫೋನಿಗೆ ನೆಟ್ ಸಿಗದಿದ್ದರೆ ಮಾತ್ರ ಅದು ಹೋಗಲ್ಲ; ಜಿಮೇಲ್‌ಗೆ ಆ ತಾಪತ್ರಯ ಇಲ್ಲ.