ಕೇಸ್ ಶೀಟ್ ಕಂಪ್ಯೂಟರ್ ಹೊಕ್ಕಾಗ

ಬೆಳಿಗ್ಗೆ ಹತ್ತಕ್ಕೆ ರೌಂಡ್ಸಿಗೆ ಬಂದ ಡಾಕ್ಟರು ‘ಇವತ್ತು ಡಿಸ್ಚಾರ್ಜ್’ ಎಂದು ಹೇಳಿ ಹೋಗಿರುತ್ತಾರೆ. ರೋಗಿ ಬಟ್ಟೆ ಬದಲಿಸಿ, ಚೀಲ ಕಟ್ಟಿ ಕೂತಿರುತ್ತಾರೆ. ಸಂಜೆ ನಾಲ್ಕಾದರೂ ಮನೆಗೆ ಹೊರಡಲು ಆಗುವುದಿಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸಿದರೆ ‘ವಾರ್ಡಿನಿಂದ ಫೈಲ್ ಬಂದಿಲ್ಲ’ ಎನ್ನುತ್ತಾರೆ. ವಾರ್ಡಿನಲ್ಲಿ ಕೇಳಿದರೆ ‘ಫಾರ್ಮಸಿ ಕ್ಲಿಯರೆನ್ಸ್ ಆಗಬೇಕು’ ಎಂಬ ಉತ್ತರ. ಬಳಸದೆ ಉಳಿದ ಇಂಜೆಕ್ಷನ್ ವಾಪಸ್ ಹೋಗಬೇಕು, ಲ್ಯಾಬಿನ ಕೊನೆಯ ರಿಪೋರ್ಟ್ ಸೇರಬೇಕು, ಡಿಸ್ಚಾರ್ಜ್ ಸಮರಿಗೆ ಸಹಿ ಬೀಳಬೇಕು, ವಿಮೆ ಇದ್ದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಡೆಸ್ಕಿನ ಅಪ್ರೂವಲ್ ಬರಬೇಕು. ಇಷ್ಟಕ್ಕೂ ಇರುವುದು ಒಂದೇ ಫೈಲು. ಅದು ಒಬ್ಬರ ಮೇಜಿನ ಮೇಲಿದ್ದಷ್ಟು ಹೊತ್ತು ಉಳಿದವರೆಲ್ಲ ಕೈಕಟ್ಟಿ ಕೂರಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಕ್ಯಾಶ್‌ಲೆಸ್ ಬಿಲ್ಲಿಗೆ ಅಂತಿಮ ಒಪ್ಪಿಗೆ ಕೊಡಬೇಕು. ಆ ಕೋರಿಕೆಯೇ ಮಧ್ಯಾಹ್ನ ದಾಟಿ ಹೋದರೆ ನಿಯಮದಿಂದ ರೋಗಿಗೆ ಏನೂ ದಕ್ಕುವುದಿಲ್ಲ.

ಫೈಲು ಕಂಪ್ಯೂಟರಿನಲ್ಲಿದ್ದರೆ ಎಲ್ಲರೂ ಒಟ್ಟಿಗೇ ನೋಡಬಹುದು. ಹಾಗೆಂದು ಹಳೆಯ ಕೇಸ್ ಶೀಟುಗಳನ್ನು ಸ್ಕ್ಯಾನ್ ಮಾಡಿ ಸರ್ವರಿಗೆ ಹಾಕಿಬಿಟ್ಟರೆ ಕೆಲಸ ಮುಗಿಯುವುದೂ ಇಲ್ಲ. ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿನ ಪಾಲಿಗೆ ಬರೀ ಚಿತ್ರ. ಕ್ರಿಯಾಟಿನಿನ್ 3.1 ಎಂಬ ಲ್ಯಾಬ್ ಫಲಿತಾಂಶ ಆ ಚಿತ್ರದೊಳಗೆ ಇದ್ದರೆ ಮನುಷ್ಯ ಓದಬಲ್ಲ, ಯಂತ್ರಕ್ಕೆ ಅದರ ಅರ್ಥವಾಗದು. ಅದೇ ಅಂಕಿಯನ್ನು ಅದಕ್ಕೆ ಮೀಸಲಾದ ಜಾಗದಲ್ಲಿ ನಮೂದಿಸಿದರೆ, ಆ ರೋಗಿಗೆ ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಬರೆಯಹೊರಟ ವೈದ್ಯರನ್ನು ‘ಕಿಡ್ನಿ ದುರ್ಬಲವಾಗಿದೆ’ ಎಂದು ಪರದೆ ಎಚ್ಚರಿಸಬಲ್ಲದು. ಇದಕ್ಕಾಗಿಯೇ ಜಗತ್ತಿನಾದ್ಯಂತ ಒಪ್ಪಿದ ಸಂಕೇತಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಟೈಪ್-2 ಮಧುಮೇಹ ಎಂದರೆ ಇ11. ಎಕ್ಸ್‌-ರೇ, ಸ್ಕ್ಯಾನಿಂಗ್ ಚಿತ್ರಗಳಿಗೆ ಡೈಕಾಮ್ ಎಂಬ ಮಾನಕ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸಲು ಎಚ್ಎಲ್7 ಎಂಬ ಮಾನಕ. ಬಿಲ್ಲೂ ಇದೇ ದಾಖಲೆಯಿಂದ ಹುಟ್ಟಬೇಕು. ನರ್ಸ್ ಹಾಸಿಗೆಯ ಬಳಿ ರೋಗಿಯ ಕೈಪಟ್ಟಿಯ ಬಾರ್‌ಕೋಡನ್ನೂ ಔಷಧದ ಬಾರ್‌ಕೋಡನ್ನೂ ಸ್ಕ್ಯಾನ್ ಮಾಡಿದಾಗ, ಕೊಟ್ಟ ಔಷಧ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ ಈ ಪದ್ಧತಿಯ ಅಧ್ಯಯನ ನಡೆದು 2010ರಲ್ಲಿ ಪ್ರಕಟವಾಯಿತು: ಸಮಯದ ಏರುಪೇರು ಬಿಟ್ಟು, ಔಷಧ ಕೊಡುವಲ್ಲಿನ ಇತರ ತಪ್ಪುಗಳು ಸುಮಾರು ಶೇ. 41ರಷ್ಟು ತಗ್ಗಿದ್ದವು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಸುಖಾಂತ್ಯ. ಆದರೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮಕ್ಕಳ ಆಸ್ಪತ್ರೆಯ ಅನುಭವವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

2002ರಲ್ಲಿ ಆ ಆಸ್ಪತ್ರೆ ಔಷಧ ಮತ್ತು ಪರೀಕ್ಷೆಗಳ ಆದೇಶಗಳನ್ನೆಲ್ಲ ಆರೇ ದಿನಗಳಲ್ಲಿ ಕಂಪ್ಯೂಟರಿಗೆ ವರ್ಗಾಯಿಸಿತು. ಬೇರೆ ಆಸ್ಪತ್ರೆಗಳಿಂದ ತುರ್ತಾಗಿ ಕರೆತಂದ ಮಕ್ಕಳಲ್ಲಿ ಸಾವಿನ ಪ್ರಮಾಣ ಮೊದಲು ಶೇ. 2.80 ಇದ್ದದ್ದು ಮುಂದಿನ ಐದು ತಿಂಗಳಲ್ಲಿ ಶೇ. 6.57ಕ್ಕೆ ಏರಿತು. ಆಸ್ಪತ್ರೆಯ ವೈದ್ಯರೇ ಇದನ್ನು ಲೆಕ್ಕಹಾಕಿ 2005ರಲ್ಲಿ ಪ್ರಕಟಿಸಿದರು. ಅವರ ಪ್ರಾಮಾಣಿಕತೆ ದೊಡ್ಡದು. ಆಗಿದ್ದಿಷ್ಟು. ಮುಂಚೆ ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ವೈದ್ಯರು ಚೀಟಿಯಲ್ಲಿ ಔಷಧ ಬರೆದು ಸಿದ್ಧ ಇಡಿಸುತ್ತಿದ್ದರು. ಹೊಸ ಪದ್ಧತಿಯಲ್ಲಿ ಮಗು ಬಂದು ತಲುಪಿ, ಅಡ್ಮಿಷನ್ ನಮೂದಾಗುವವರೆಗೆ ಒಂದು ಆದೇಶವನ್ನೂ ಹಾಕುವಂತಿರಲಿಲ್ಲ. ಆಮೇಲೆ ಒಂದೊಂದು ಆದೇಶಕ್ಕೂ ಒಂದೆರಡು ನಿಮಿಷ. ಕೈಗೆಟಕುವಂತೆ ತೀವ್ರ ನಿಗಾ ಘಟಕದಲ್ಲೇ ಇದ್ದ ಔಷಧಗಳನ್ನು ಕೇಂದ್ರ ಫಾರ್ಮಸಿಗೆ ಸಾಗಿಸಲಾಗಿತ್ತು. ಮಗುವಿನ ಪಕ್ಕ ನಿಲ್ಲಬೇಕಾದವರು ಪರದೆಯ ಮುಂದೆ ಕೂರಬೇಕಾಯಿತು. ಸಿಯಾಟಲ್ಲಿನ ಮಕ್ಕಳ ಆಸ್ಪತ್ರೆಯೂ ಅದೇ ಕಂಪನಿಯ ತಂತ್ರಾಂಶವನ್ನು ಅಳವಡಿಸಿಕೊಂಡಿತು. ಅಲ್ಲಿ ಮೊದಲೇ ತಯಾರಿ ನಡೆದಿತ್ತು, ಸಾವು ಹೆಚ್ಚಲಿಲ್ಲ. ಹೊಸ ಪದ್ಧತಿ ತರುವ ಪ್ರತಿ ಆಸ್ಪತ್ರೆಯ ಆಡಳಿತ ಮಂಡಳಿ ಟೆಂಡರ್ ಕರೆಯುವ ಮುನ್ನ ಈ ಎರಡು ಊರುಗಳ ವರದಿಯನ್ನು ಓದಬೇಕು. ಯಾವ ಚೀಟಿ ಯಾರ ಕೈಯಿಂದ ಯಾರ ಕೈಗೆ, ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂಬುದನ್ನು ವಾರ್ಡಿನ ನರ್ಸುಗಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರನ್ನು ಕೇಳದೆ ಕೊಂಡ ತಂತ್ರಾಂಶದ ಬೆಲೆಯನ್ನು ರೋಗಿಗಳು ತೆರಬೇಕಾಗುತ್ತದೆ.

ಇನ್ನು ಭದ್ರತೆಯ ಮಾತು. 2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅಲ್ಲಿನ ಆಸ್ಪತ್ರೆಗಳ ಕಾಗದದ ಕಡತಗಳು ರಾಶಿ ರಾಶಿಯಾಗಿ ನೀರುಪಾಲಾದವು. ಆದರೆ ಕಂಪ್ಯೂಟರಿನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯ ದಾಖಲೆಗಳು ಉಳಿದವು: ಬ್ಯಾಕಪ್ ಟೇಪುಗಳನ್ನು ಹ್ಯೂಸ್ಟನ್ನಿಗೆ ಸಾಗಿಸಿ, ಕೆಲವೇ ದಿನಗಳಲ್ಲಿ ಅವನ್ನು ಮತ್ತೆ ಬಳಕೆಗೆ ತರಲಾಯಿತು. ನಮ್ಮಲ್ಲಿ ಬಂದದ್ದು ಬೇರೆ ಬಗೆಯ ಪ್ರವಾಹ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ನಡೆಯಿತು. ಐದು ಸರ್ವರುಗಳು, ಸುಮಾರು 1.3 ಟೆರಾಬೈಟ್ ಮಾಹಿತಿ ದಾಳಿಕೋರರ ಬೀಗದೊಳಗೆ ಸಿಕ್ಕಿಬಿದ್ದವು. ನೋಂದಣಿ, ಲ್ಯಾಬ್, ಬಿಲ್ಲಿಂಗ್ ಎಲ್ಲವೂ ವಾರಕ್ಕೂ ಹೆಚ್ಚು ಕಾಲ ಮತ್ತೆ ಪೆನ್ನು ಕಾಗದಕ್ಕೆ ಮರಳಿದವು. ಜಾಲವನ್ನು ಸರಿಯಾಗಿ ಭಾಗ ಮಾಡಿ ಬೇರ್ಪಡಿಸಿರಲಿಲ್ಲ ಎಂಬುದು ತನಿಖೆಯಲ್ಲಿ ಕಂಡ ದೋಷ. ಅಲ್ಲಿನ ಇ-ಹಾಸ್ಪಿಟಲ್ ಎಂಬ ತಂತ್ರಾಂಶದ ದಾಖಲೆಗಳು ಮರಳಿ ಸಿಕ್ಕಿದ್ದು ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. ಎರಡೂ ಕಡೆ ಕಾಪಾಡಿದ್ದು ಪ್ರತ್ಯೇಕವಾಗಿ ಇಟ್ಟ ಪ್ರತಿಯೇ.

2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ರೋಗಿಗೆ 14 ಅಂಕಿಗಳ ‘ಆಭಾ’ ಸಂಖ್ಯೆ ಕೊಡುತ್ತದೆ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ರೋಗಿ ಒಪ್ಪಿದರೆ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣಬೇಕು ಎಂಬುದು ಅದರ ವಿನ್ಯಾಸ. ಮೊಬೈಲಿನಲ್ಲಿ ಒಪ್ಪಿಗೆ ಕೇಳಿದಾಗ ಯಾರಿಗೆ, ಯಾವ ದಾಖಲೆ, ಎಷ್ಟು ದಿನಕ್ಕೆ ಎಂದು ಓದಿಕೊಂಡೇ ಒತ್ತಬೇಕು.

ಕಂಪ್ಯೂಟರ್ ಇರಲಿ, ಕಾಗದವಿರಲಿ, ಒಂದು ಹಕ್ಕು ಹಿಂದಿನಿಂದಲೂ ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಮುಂದಿನ ಸಲ ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಸಮರಿಯ ಜೊತೆ ಲ್ಯಾಬ್ ರಿಪೋರ್ಟುಗಳನ್ನೂ ವಿವರವಾದ ಬಿಲ್ಲನ್ನೂ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಅರ್ಜಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.