ಇಳಿಯುವ ಬಡ್ಡಿಯೂ ವಿಮಾ ಕಂಪನಿಯ ಷೇರೂ

ಕಬ್ಬಿನ ಬೆಳೆಗೆ ಹೆಸರಾದ ಕಾಗವಾಡ ತಾಲೂಕಿನ ಐನಾಪುರದಂತಹ ಊರಿನಲ್ಲಿ, ಕಾರ್ಖಾನೆಗೆ ಕಬ್ಬು ಸಾಗಿಸಿದ ರೈತನ ಖಾತೆಗೆ ಬಿಲ್ಲಿನ ಹಣ ಜಮೆಯಾಗುವ ಕಾಲಕ್ಕೂ ವಿಮಾ ಏಜೆಂಟನು ಅವನ ಪಡಸಾಲೆಗೆ ಬಂದು ಕೂಡುವ ಕಾಲಕ್ಕೂ ಅಂತರ ಬಹಳವಿರದು. "ಬ್ಯಾಂಕಿನ್ಯಾಗ ಬಡ್ಡಿ ಇಳ್ಯಾಕ ಹತ್ತೈತ್ರಿ, ಈಗಽ ಒಂದು ಬಾಂಡ್ ಮಾಡಿಸಿಬಿಡ್ರಿ" ಎಂಬ ಅವನ ಮಾತು ಸುಳ್ಳಲ್ಲ. 2025ರ ಫೆಬ್ರುವರಿಯ ಮೊದಲು ಶೇಕಡ 6.5 ಇದ್ದ ರಿಸರ್ವ್ ಬ್ಯಾಂಕಿನ ರೆಪೊ ದರವು ಅದೇ ಡಿಸೆಂಬರಿನ ಹೊತ್ತಿಗೆ 5.25ಕ್ಕೆ ಇಳಿದಿತ್ತು. ಆದರೆ ಪಾಲಿಸಿ ಕೊಳ್ಳುವವನಿಗೆ ಅನುಕೂಲವಾಗಿ ಕಾಣುವ ಈ ಇಳಿಕೆಯು, ಆ ಪಾಲಿಸಿಯನ್ನು ಮಾರಿದ ಕಂಪನಿಯ ಷೇರು ಹಿಡಿದವನಿಗೆ ಏನು ತಂದೀತೆಂಬುದು ಬೇರೆಯೇ ಪ್ರಶ್ನೆ.

ಮೊದಲು ಸಿಹಿಯಾದ ಭಾಗವನ್ನು ನೋಡೋಣ. ವಿಮಾ ಕಂಪನಿಗಳ ಹಣದ ದೊಡ್ಡ ಪಾಲು ಸರ್ಕಾರಿ ಸಾಲಪತ್ರಗಳಲ್ಲಿರುವುದು. ವರ್ಷಕ್ಕೆ 7 ರೂಪಾಯಿ ಬಡ್ಡಿ ತರುವ, ಮೂವತ್ತು ವರ್ಷ ಅವಧಿಯುಳ್ಳ 100 ರೂಪಾಯಿಯ ಪತ್ರವೊಂದು, ಪೇಟೆಯ ಬಡ್ಡಿ ಶೇಕಡ 6ಕ್ಕಿಳಿದರೆ ಸುಮಾರು 114 ರೂಪಾಯಿ ಬೆಲೆಬಾಳುತ್ತದೆ. ಹಳೆಯ ಪತ್ರಗಳ ಭಂಡಾರವೇ ಹೀಗೆ ಬೆಳೆದಂತೆ ತೋರುವುದರಿಂದ ಷೇರು ಪೇಟೆಯು ಹಿಗ್ಗುವುದು ಸಹಜವೇ.

ಕಹಿಯಾದ ಭಾಗವು ವಚನದಲ್ಲಿದೆ. ಇಪ್ಪತ್ತು ವರ್ಷಗಳ ನಂತರ ಒಂದು ಲಕ್ಷ ರೂಪಾಯಿ ಖಚಿತವಾಗಿ ಕೊಡುವೆನೆಂದು ಬರೆದುಕೊಟ್ಟ ಕಂಪನಿಯು, ಶೇಕಡ 7ರ ಬಡ್ಡಿ ದೊರೆಯುವುದಾದರೆ ಇಂದು 25,842 ರೂಪಾಯಿ ತೆಗೆದಿರಿಸಿದರೆ ಸಾಕು. ಬಡ್ಡಿ 6ಕ್ಕೆ ಬಂದರೆ 31,180 ರೂಪಾಯಿ ಬೇಕು. ವಚನ ಅದೇ, ಭಾರ ಮಾತ್ರ ಹೆಚ್ಚಿತು. ಅದರ ಮೇಲೆ, ಪಾಲಿಸಿದಾರನು ವರ್ಷವರ್ಷವೂ ಕಟ್ಟುವ ಕಂತನ್ನು ಆಯಾ ವರ್ಷದ ಅಗ್ಗದ ಬಡ್ಡಿಗೇ ಹೂಡಬೇಕಾಗುತ್ತದೆ. ಈ ಅಪಾಯವನ್ನು ತಡೆಯಲು ಕಂಪನಿಗಳು ಮುಂದಿನ ಕಂತುಗಳ ಬಡ್ಡಿಯನ್ನು ಇಂದೇ ಗೊತ್ತುಪಡಿಸಿಕೊಳ್ಳುವ ಮುಂಗಡ ಕರಾರುಗಳನ್ನು ಬ್ಯಾಂಕುಗಳೊಡನೆ ಮಾಡಿಕೊಳ್ಳುವುದುಂಟು. ಇಂತಹ ಎಚ್ಚರಿಕೆ ಸಾಲದೆ ಹೋದಾಗ ಏನಾಗುವುದೆಂಬುದನ್ನು ಜಪಾನು ಕಂಡಿತು: ಬಡ್ಡಿ ಉನ್ನತವಾಗಿದ್ದ ದಿನಗಳಲ್ಲಿ ಉದಾರವಾದ ವಚನಗಳನ್ನಿತ್ತು, ಬಡ್ಡಿಯೂ ಷೇರು ಪೇಟೆಯೂ ಒಟ್ಟಿಗೆ ಕುಸಿದಾಗ ತತ್ತರಿಸಿ, 1997ರಲ್ಲಿ ನಿಸ್ಸಾನ್ ಮ್ಯೂಚುಯಲ್ ಮೊದಲ್ಗೊಂಡು 2001ರ ವರೆಗೆ ಏಳು ಜೀವವಿಮಾ ಸಂಸ್ಥೆಗಳು ಅಲ್ಲಿ ಮುಳುಗಿದವು. ನಮ್ಮಲ್ಲಿ 2003ರಲ್ಲಿ ಹಿರಿಯರಿಗಾಗಿ ಶೇಕಡ 9ರ ವರಿಷ್ಠ ಪಿಂಚಣಿ ಬಿಮಾ ಯೋಜನೆಯನ್ನು ಜೀವವಿಮಾ ನಿಗಮದ ಮೂಲಕ ತಂದಾಗ, ನಿಗಮದ ಗಳಿಕೆಗೂ ವಚನಕ್ಕೂ ನಡುವಣ ಕೊರತೆಯನ್ನು ಸರ್ಕಾರವೇ ತುಂಬಿಕೊಡಲೊಪ್ಪಿತ್ತು. ಎಲ್ಲ ವಚನಗಳಿಗೂ ಅಂತಹ ಜಾಮೀನುದಾರ ದೊರೆಯುವುದಿಲ್ಲವಷ್ಟೆ.

ಆದುದರಿಂದ ಕಂಪನಿಯು ಯಾವ ಬಗೆಯ ಪಾಲಿಸಿಗಳನ್ನು ಮಾರಿದೆಯೆಂಬುದೇ ಮುಖ್ಯವಾದುದು. ಬೋನಸ್ ಕೊಡುವ ಪಾಲಿಸಿಗಳಲ್ಲಿ ಹಂಚಿದ ಮಿಗತೆಯ ಹತ್ತರಲ್ಲೊಂದು ಪಾಲನ್ನು ಮೀರಿ ಷೇರುದಾರನಿಗೆ ಸಲ್ಲದು. ಗಳಿಕೆ ಕುಗ್ಗಿದರೆ ಬೋನಸ್ಸೂ ಕುಗ್ಗುವುದರಿಂದ ಪೆಟ್ಟಿನ ಬಹುಭಾಗವನ್ನು ಪಾಲಿಸಿದಾರನೇ ಉಣ್ಣುತ್ತಾನೆ. ಪೇಟೆಗೆ ಜೋಡಿಸಿದ ಯುಲಿಪ್‌ಗಳಲ್ಲಂತೂ ಹೂಡಿಕೆಯ ಏರಿಳಿತವೆಲ್ಲ ಅವನದೇ. ಖಚಿತ ಆದಾಯದ, ಬೋನಸ್ಸಿಲ್ಲದ ಪಾಲಿಸಿಗಳಲ್ಲಿ ಮಾತ್ರ ಲಾಭವೂ ನಷ್ಟವೂ ಪೂರ್ಣವಾಗಿ ಷೇರುದಾರನ ಪಾಲಿಗೆ ಬರುತ್ತವೆ. ಬಡ್ಡಿ ಇಳಿಯುವಾಗ ಏಜೆಂಟನ ಚೀಲದಿಂದ ಮೊದಲು ಹೊರಬರುವುದೂ ಇವೇ. ಮಾರಾಟ ಏರಿತೆಂದು ಷೇರು ಕೊಳ್ಳಲು ಧಾವಿಸುವವರು ಇದನ್ನು ಮರೆಯುವುದೇ ಹೆಚ್ಚು.

ಜೀವವಿಮಾ ನಿಗಮವು 2022ರ ಮೇ ತಿಂಗಳಲ್ಲಿ 949 ರೂಪಾಯಿಯ ದರದಲ್ಲಿ ಷೇರು ಮಾರಿದಾಗ ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ನೀಡಿತು. ಆ ತಿಂಗಳ 17ರಂದು ಮುಂಬಯಿ ಪೇಟೆಯಲ್ಲಿ ಅದರ ವಹಿವಾಟು ಆರಂಭವಾದದ್ದು 867.20ಕ್ಕೆ, ರಿಯಾಯಿತಿ ಪಡೆದವನಿಗೂ ಮೊದಲ ಗಳಿಗೆಯಲ್ಲಿ ನಷ್ಟವೇ. ಹೀಗೆ ಒಂದೇ ಮನೆಯಲ್ಲಿ ಬಾಂಡೂ ಷೇರೂ ಕೂಡಿದ ಸಂಸಾರಗಳು ಅನೇಕವಾದವು. ತಂದೆಯ ಪಾಲಿಸಿಗೆ ದೊರೆತ ಖಚಿತ ವಚನವು ಮಗನ ಷೇರಿನ ಲಾಭಾಂಶಕ್ಕೆ ಭಾರವಾಗಿರಬಹುದೆಂದು ಆ ಮನೆಯವರು ಯೋಚಿಸಿರಲಾರರು.

2025ರ ಅಕ್ಟೋಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಪಾಲುಗಾರಿಕೆಯ ಕೆನರಾ ಎಚ್‌ಎಸ್‌ಬಿಸಿ ಲೈಫ್ ಕೂಡ ಷೇರು ಪೇಟೆಗೆ ಬಂದುದರಿಂದ ಕನ್ನಡಿಗರಿಗೆ ಪರಿಚಿತವಾದ ಹೆಸರು ಇನ್ನೊಂದು ಸೇರಿತು. ಯಾವ ಕಂಪನಿಯೇ ಆಗಲಿ, ಬಡ್ಡಿಯು ಶೇಕಡ ಒಂದರಷ್ಟು ಇಳಿದರೆ ತನ್ನ ಅಂತರ್ಗತ ಮೌಲ್ಯವೂ (ಎಂದರೆ ಇರುವ ಬಂಡವಾಳ ಮತ್ತು ಈಗಾಗಲೇ ಮಾರಿದ ಪಾಲಿಸಿಗಳಿಂದ ಮುಂದೆ ಬರಲಿರುವ ಲಾಭದ ಇಂದಿನ ಬೆಲೆ ಕೂಡಿದ ಮೊತ್ತ) ಹೊಸ ವ್ಯವಹಾರದ ಲಾಭವೂ ಎಷ್ಟು ಬದಲಾಗುವುವೆಂಬ ಲೆಕ್ಕವನ್ನು ಹೂಡಿಕೆದಾರರ ಮುಂದಿಡುವುದು ವಾಡಿಕೆ. ಹಳೆಯ ಪತ್ರಗಳ ಬಲದಿಂದ ಮೊದಲನೆಯದು ಏರಿ, ಹೊಸ ವಚನಗಳ ಭಾರದಿಂದ ಎರಡನೆಯದು ಇಳಿಯುವುದುಂಟು. ಷೇರು ಕೊಳ್ಳುವ ಮುನ್ನ ಆ ಎರಡು ಸಾಲುಗಳನ್ನು ಒಟ್ಟಿಗೆ ಓದತಕ್ಕದ್ದು.